ಗಿಡ್ಡಾದ ಅಂಗಿ: ಉಡಾಳ ಪ್ರವಾಸಿಗಳ ನಗೆಯ ಕುರಿತು

ನಿಮ್ಮ ವಿಜಯಪುರದ ಬಗ್ಗೆ ಒಬ್ಬ ಪ್ರವಾಸಿ ಬರೆದ ಮಾತಿನಿಂದಲೇ ಆರಂಭಿಸುತ್ತೇನೆ. ಹದಿನೇಳನೆಯ ಶತಮಾನದಲ್ಲಿ ವಜ್ರದ ವ್ಯಾಪಾರಕ್ಕೆಂದು ಮತ್ತೆ ಮತ್ತೆ ಹಿಂದೂಸ್ತಾನಕ್ಕೆ ಬಂದ ಫ್ರಾನ್ಸಿನ ಟ್ಯಾವರ್ನಿಯರ್ ತನ್ನ ಪ್ರವಾಸದ ಪುಸ್ತಕವನ್ನು 1676ರಲ್ಲಿ ಅಚ್ಚು ಹಾಕಿಸಿದ. ಅದರಲ್ಲಿ ಈ ಊರಿನ ಬಗ್ಗೆ ಅವನು ಹೇಳುವುದಿಷ್ಟು: ಊರು ದೊಡ್ಡದು, ಆದರೆ ಕಟ್ಟಡಗಳಲ್ಲಾಗಲಿ ವ್ಯಾಪಾರದಲ್ಲಾಗಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ, ಅರಸನ ಅರಮನೆ ವಿಶಾಲವಾಗಿದ್ದರೂ ಕಟ್ಟಿದ ರೀತಿ ಚೆನ್ನಾಗಿಲ್ಲ, ಅದರ ಸುತ್ತಲಿನ ಕಂದಕದಲ್ಲಿ ಮೊಸಳೆಗಳು ತುಂಬಿರುವುದರಿಂದ ಒಳಗೆ ಹೋಗುವುದು ಕಷ್ಟ. ನೀವು ನಗುತ್ತಿದ್ದೀರಿ, ನಗಬೇಕಾದದ್ದೇ. ಆ ಪುಸ್ತಕ ಅಚ್ಚಾಗುವ ಹೊತ್ತಿಗೆ ಇಬ್ರಾಹಿಂ ರೋಜಾ ಎದ್ದು ನಿಂತು ಸುಮಾರು ಐವತ್ತು ವರ್ಷ ಆಗಿತ್ತು, ಗೋಳಗುಮ್ಮಟ ಮುಗಿದು ಸುಮಾರು ಇಪ್ಪತ್ತು ವರ್ಷ. ಅವೆರಡಕ್ಕೂ ಆ ಸಾಲುಗಳಲ್ಲಿ ಜಾಗ ಸಿಗಲಿಲ್ಲ, ಮೊಸಳೆಗೆ ಸಿಕ್ಕಿತು.

ಟ್ಯಾವರ್ನಿಯರ್ ನಗಿಸಲು ಬರೆದವನಲ್ಲ. ಆದರೂ ಊರಿಗೆ ಮರಳಿದ ಮೇಲೆ ಓದುಗರು ಯಾವುದಕ್ಕೆ ಬಾಯಿ ತೆರೆಯುತ್ತಾರೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನಾನು ಇಂದು ಮಾತನಾಡಲಿರುವ ಪುಸ್ತಕಗಳ ಮೂಲ ಬಂಡವಾಳ ಆ ಮೊಸಳೆಯೇ. ಬೆನ್ನಿಗೊಂದು ಚೀಲ, ಜೇಬಿನಲ್ಲಿ ಕಡಿಮೆ ಹಣ, ತಲೆಯಲ್ಲಿ ಅದಕ್ಕಿಂತ ಕಡಿಮೆ ವಿವೇಕ ಇಟ್ಟುಕೊಂಡು ಹೊರಡುವ ತರುಣನೊಬ್ಬ, ದಾರಿಯಲ್ಲಿ ಮಾಡಿದ ಅನಾಹುತಗಳನ್ನೆಲ್ಲ ಆಮೇಲೆ ನಗುತ್ತ ಹೇಳುವ ಪ್ರವಾಸ ಕಥನಗಳು ಅವು. ನಮ್ಮ ಕಡೆ ಇಂಥವನಿಗೆ ‘ಉಡಾಳ’ ಎನ್ನುತ್ತೇವೆ. ಆ ಶಬ್ದದಲ್ಲಿ ಬೈಗುಳವೂ ಇದೆ, ಒಂದಿಷ್ಟು ಮುದ್ದೂ ಇದೆ. ಅದಕ್ಕೇ ಅದನ್ನು ಆರಿಸಿಕೊಂಡೆ.

ಇಪ್ಪತ್ತರ ಹರೆಯದಲ್ಲಿ ಈ ಪುಸ್ತಕಗಳೆಂದರೆ ನನಗೆ ಪ್ರಾಣ. ಧಾರವಾಡ, ಬೆಳಗಾವಿಗಳ ಹಳೆ ಪುಸ್ತಕದಂಗಡಿಗಳಲ್ಲಿ ಮುಖಪುಟ ಹರಿದ ಪ್ರತಿಗಳನ್ನು ಹುಡುಕಿ ತಂದು, ದೀಪ ಆರಿಸೆಂದು ಅಪ್ಪ ಬೈಯುವವರೆಗೆ ಓದುತ್ತಿದ್ದೆ. ಅವುಗಳ ನಡೆ ನಿಮಗೂ ಗೊತ್ತಿದ್ದೀತು. ಒಂದು ಅಧ್ಯಾಯದಲ್ಲಿ ಮುರುಕಲು ಬಸ್ಸು, ಇನ್ನೊಂದರಲ್ಲಿ ಹೊಟ್ಟೆ ಕೆಟ್ಟ ರಾತ್ರಿ, ಮತ್ತೊಂದರಲ್ಲಿ ಹೆಸರು ತಿಳಿಯದ ಸಾರಾಯಿ, ನಡುವೆ ಲಂಚ ಕೇಳುವ ಪೊಲೀಸು, ಕೊನೆಗೆ ಕೂದಲೆಳೆಯಷ್ಟರಲ್ಲಿ ತಪ್ಪಿದ ಸಾವು. ಈ ಬಗೆಯ ಪ್ರವಾಸಕ್ಕೆ ದಾರಿ ಹಾಕಿಕೊಟ್ಟದ್ದು ಇಸ್ತಾಂಬುಲಿನಿಂದ ತೆಹರಾನ್, ಕಾಬೂಲ್, ಲಾಹೋರ್, ದಿಲ್ಲಿಗಳ ಮೇಲೆ ಹಾದು ಕಠ್ಮಂಡು ಮುಟ್ಟುತ್ತಿದ್ದ ಹಿಪ್ಪಿಗಳ ನೆಲದ ಹಾದಿ. 1979ರಲ್ಲಿ ಇರಾನಿನ ಕ್ರಾಂತಿಯಾಗಿ, ಅದೇ ವರ್ಷದ ಕೊನೆಗೆ ಸೋವಿಯತ್ ಸೈನ್ಯ ಅಫ್ಘಾನಿಸ್ತಾನಕ್ಕೆ ನುಗ್ಗಿದ ಮೇಲೆ ಆ ಹಾದಿ ಮುಚ್ಚಿತು. ಹಾದಿ ಮುಚ್ಚಿದರೂ ಕಥೆ ಹೇಳುವ ಆ ಧಾಟಿ ಉಳಿಯಿತು.

ಅವುಗಳಲ್ಲಿ ಒಳ್ಳೆಯದೇನೂ ಇರಲಿಲ್ಲವೆಂದು ಹೇಳಲು ನಾನು ಬಂದಿಲ್ಲ. ಅವಕ್ಕಿಂತ ಹಿಂದಿನ ಸಾಹೇಬರ ಪ್ರವಾಸ ಕಥನಗಳಲ್ಲಿ ಲೇಖಕ ಎಂದೂ ಎಡವುವುದಿಲ್ಲ, ಅವನ ಹೊಟ್ಟೆ ಎಂದೂ ಕೆಡುವುದಿಲ್ಲ. ಕುದುರೆಯ ಮೇಲೆ ಕುಳಿತೇ ಅವನು ಜಗತ್ತಿಗೆ ಅಂಕ ಕೊಡುತ್ತಾನೆ. ಆ ಗತ್ತನ್ನು ಒಡೆದು, ‘ನಾನೊಬ್ಬ ದಡ್ಡ, ದಾರಿ ತಪ್ಪಿದೆ, ಹೆದರಿದೆ’ ಎಂದು ಬರೆದುಕೊಂಡ ಉಡಾಳನ ಮೇಲೆ ನನಗೆ ಆಗ ಹುಟ್ಟಿದ ಪ್ರೀತಿ ಸುಳ್ಳಲ್ಲ. ಸಾಹೇಬ ಡಾಕ್ ಬಂಗಲೆಯಲ್ಲಿ ಉಂಡ, ಉಡಾಳ ನಮ್ಮ ಖಾನಾವಳಿಯಲ್ಲಿ ಉಂಡ. ಈ ಖಾನಾವಳಿಯ ಮಾತಿಗೆ ಆಮೇಲೆ ಬರುತ್ತೇನೆ.

ಓದಿ ಸುಮ್ಮನಿರಲಿಲ್ಲ, ನಾನೂ ಒಂದು ಉಡಾಳ ಪ್ರವಾಸ ಮಾಡಿದೆ. 1994ರಲ್ಲಿ ಬಾದಾಮಿಯ ಗೆಳೆಯನೊಬ್ಬನ ಜೊತೆ ಗೋರಖಪುರದವರೆಗೆ ರೈಲಿನಲ್ಲಿ ಹೋಗಿ, ಸುನೌಲಿಯಲ್ಲಿ ಗಡಿ ದಾಟಿ, ಬಸ್ಸಿನ ಟಪ್ಪಿನ ಮೇಲೆ ಕುಳಿತು ಪೋಖರಾ ಸೇರಿದೆವು. ಮೂರು ದಿನ ಒಂದು ಸಣ್ಣ ಲಾಡ್ಜಿನಲ್ಲಿ ಇದ್ದೆವು. ಕೊನೆಯ ರಾತ್ರಿ ಯಾರದೋ ಮನೆಯಲ್ಲಿ ‘ರಕ್ಸಿ’ ಎಂಬ ರಾಗಿಯ ಸಾರಾಯಿ ಕುಡಿದು, ಲಾಡ್ಜಿನ ಹಾಸಿಗೆಯ ಮೇಲೆ ಕಕ್ಕಿ, ಬೆಳಗಿನ ಜಾವ ಬಾಡಿಗೆ ಕೊಡದೆ ಕಿಟಕಿಯಿಂದ ಜಿಗಿದು ಓಡಿದೆವು. ಜಿಗಿದದ್ದು ನೇರ ಎಮ್ಮೆಯ ಸಗಣಿಯೊಳಕ್ಕೆ. ಎಮ್ಮೆ ಬೆದರಿ ಹಗ್ಗ ಹರಿದುಕೊಂಡಿತು, ಗೆಳೆಯನ ಒಂದು ಚಪ್ಪಲಿ ಅಲ್ಲೇ ಉಳಿಯಿತು. ಇಪ್ಪತ್ತು ವರ್ಷ ಈ ಕಥೆಯನ್ನು ನಾನು ಮದುವೆಮನೆಗಳಲ್ಲಿ, ಸ್ಟಾಫ್ ರೂಮಿನಲ್ಲಿ, ರಾತ್ರಿ ಬಸ್ಸುಗಳಲ್ಲಿ ಹೇಳಿದ್ದೇನೆ, ಎಲ್ಲ ಕಡೆಯೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಾರೆ. ಈಗ ನೀವೂ ನಕ್ಕಿರಿ. ಆ ಎಮ್ಮೆಯನ್ನು ನೆನಪಿಟ್ಟುಕೊಳ್ಳಿ.

ಈ ನಗೆ ನನಗೆ ಹಿಡಿಸದೆ ಹೋದದ್ದು ಯಾವುದೋ ಒಂದು ದಿನದ ಜ್ಞಾನೋದಯದಿಂದ ಅಲ್ಲ. ಹೋದ ದೀಪಾವಳಿಯ ಅಂಗಿ ಈ ದೀಪಾವಳಿಗೆ ತೋಳು ಗಿಡ್ಡಾಗುತ್ತದಲ್ಲ, ಹಾಗೆ. ಹೊಲಿದವನ ತಪ್ಪು ಹುಡುಕಿ ಪ್ರಯೋಜನವಿಲ್ಲ. ಆದರೂ ಎಲ್ಲಿ ಬಿಗಿಯಿತು ಎಂದು ಹೇಳಬಹುದು.

ಮೊದಲು ಬಿಗಿದದ್ದು ನಾನು ತರಗತಿಯಲ್ಲಿ ಅಮೆರಿಕದ ಹಾಸ್ಯಲೇಖಕ ಮಾರ್ಕ್ ಟ್ವೇನನ ಪಾಠ ಮಾಡುವಾಗ. 1867ರಲ್ಲಿ, ತನ್ನ ಮೂವತ್ತೊಂದನೆಯ ವಯಸ್ಸಿನಲ್ಲಿ, ಅವನು ಅಮೆರಿಕದ ಪ್ರವಾಸಿಗಳ ಹಡಗೊಂದರಲ್ಲಿ ಯುರೋಪು ಮತ್ತು ಪ್ಯಾಲೆಸ್ತೀನಿಗೆ ಹೋಗಿಬಂದು, ಎರಡು ವರ್ಷದ ಮೇಲೆ ಅದರ ಕಥನ ಪ್ರಕಟಿಸಿದ. ಪಡ್ಡೆ ಪ್ರವಾಸಿಯ ನಗೆಗೆ ಅದಕ್ಕಿಂತ ದೊಡ್ಡ ಅಜ್ಜ ಇಲ್ಲ. ಪ್ಯಾರಿಸ್ಸಿನಲ್ಲಿ ಸಿಕ್ಕ ಮಾರ್ಗದರ್ಶಿಯ ಹೆಸರು ಟ್ವೇನ್ ಮತ್ತವನ ಜೊತೆಗಾರರಿಗೆ ಹಿಡಿಸುವುದಿಲ್ಲ, ಆದ್ದರಿಂದ ಅವನನ್ನು ‘ಫರ್ಗ್ಯುಸನ್’ ಎಂದು ಕರೆಯುತ್ತಾರೆ. ಆಮೇಲೆ ಯಾವ ದೇಶಕ್ಕೆ ಹೋದರೂ ಎಲ್ಲ ಮಾರ್ಗದರ್ಶಿಗಳೂ ಫರ್ಗ್ಯುಸನ್‌ಗಳೇ. ಜಿನೋವಾದ ಮಾರ್ಗದರ್ಶಿ ಬಹಳ ಹೆಮ್ಮೆಯಿಂದ ಕೊಲಂಬಸ್ಸನ ಮೂರ್ತಿ ತೋರಿಸಿದರೆ, ಇವರು ಮುಖ ಗಂಟಿಕ್ಕಿಕೊಂಡು ‘ಈತ ಸತ್ತಿದ್ದಾನೆಯೇ?’ ಎಂದು ಕೇಳಿ ಅವನನ್ನು ಪೇಚಿಗೆ ಸಿಕ್ಕಿಸುತ್ತಾರೆ. ತರಗತಿಯಲ್ಲಿ ಇದನ್ನು ಓದಿದರೆ ಇಂದಿಗೂ ಹುಡುಗರು ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಒಂದು ವರ್ಷ, ಬೆಂಚಿನ ಮೂಲೆಯಲ್ಲಿ ಕುಳಿತ ಒಬ್ಬ ಹುಡುಗ ನಗಲಿಲ್ಲ. ಅವನ ತಂದೆ ಐಹೊಳೆ, ಪಟ್ಟದಕಲ್ಲುಗಳಲ್ಲಿ ಗೈಡ್ ಆಗಿದ್ದರೆಂಬುದು ಆಮೇಲೆ ತಿಳಿಯಿತು. ಅವನು ಏನನ್ನೂ ಹೇಳಲಿಲ್ಲ. ಪುಟ ತಿರುವಿ ಮುಂದಿನ ಪಾಠ ನೋಡುತ್ತಿದ್ದ.

ಟ್ವೇನ್ ಅಲ್ಲಿಗೇ ನಿಂತಿದ್ದರೆ ಅವನನ್ನು ನಾನು ಇಲ್ಲಿಗೆ ಕರೆತರುತ್ತಿರಲಿಲ್ಲ. ವ್ಯವಹಾರದಲ್ಲಿ ಕೈಸುಟ್ಟುಕೊಂಡು 1894ರಲ್ಲಿ ದಿವಾಳಿಯಾದ ಆ ಮನುಷ್ಯ, ಸಾಲ ತೀರಿಸಲು ಜಗತ್ತಿನ ಸುತ್ತ ಭಾಷಣ ಮಾಡುತ್ತ ಹೊರಟು, 1896ರ ಜನವರಿಯಲ್ಲಿ ಮುಂಬಯಿಗೆ ಬಂದಿಳಿದ. ಆಗ ಅವನಿಗೆ ಅರವತ್ತು ವರ್ಷ. ಹೋಟೆಲಿನಲ್ಲಿ ಯಾವುದೋ ಬಾಗಿಲು ನೋಡಲು ಬಂದ ಧಡೂತಿ ಜರ್ಮನ್ ಒಬ್ಬ, ಕೆಲಸ ತನ್ನ ಮನಸ್ಸಿಗೆ ಬರಲಿಲ್ಲವೆಂದು, ಏನು ತಪ್ಪಾಯಿತೆಂದೂ ಹೇಳದೆ ಆಳಿನ ದವಡೆಗೆ ಬಾರಿಸಿದ. ಆಳು ಮಾತನಾಡದೆ ಏಟು ತಿಂದ. ಟ್ವೇನ್ ಬರೆಯುತ್ತಾನೆ: ಆ ಗಳಿಗೆಯಲ್ಲಿ ತಾನು ಸುಮಾರು ಐವತ್ತು ವರ್ಷ ಹಿಂದಕ್ಕೆ, ತನ್ನ ಬಾಲ್ಯಕ್ಕೆ ಹೋದೆ ಎಂದು. ಗುಲಾಮರನ್ನು ಇಟ್ಟುಕೊಂಡಿದ್ದ ಊರು ಅದು. ತನ್ನನ್ನು ಜೀವನದಲ್ಲಿ ಎರಡೇ ಸಲ ಹೊಡೆದ ಸಾಧು ಸ್ವಭಾವದ ತಂದೆ, ಮನೆಯ ಗುಲಾಮ ಹುಡುಗನಿಗೆ ಮಾತ್ರ ಸಣ್ಣಪುಟ್ಟ ತಪ್ಪಿಗೂ ಕೈ ಎತ್ತುತ್ತಿದ್ದದ್ದು ನೆನಪಾಗುತ್ತದೆ. ತನಗೆ ಹತ್ತು ವರ್ಷವಿದ್ದಾಗ, ಕೆಲಸ ಸರಿಯಾಗಿ ಮಾಡಲಿಲ್ಲವೆಂದು ಯಾರೋ ಒಬ್ಬ ಮನುಷ್ಯ ಗುಲಾಮನೊಬ್ಬನ ತಲೆಗೆ ಕಬ್ಬಿಣದ ಅದಿರಿನ ತುಂಡು ಎಸೆದದ್ದನ್ನು ಕಂಡದ್ದು, ಆ ಗುಲಾಮ ಒಂದು ತಾಸಿನೊಳಗೆ ಸತ್ತದ್ದು ನೆನಪಾಗುತ್ತದೆ. 1897ರಲ್ಲಿ ಪ್ರಕಟವಾದ ಈ ಪ್ರವಾಸ ಕಥನದ ಆ ಪುಟದಲ್ಲಿ ಒಂದೂ ನಗೆಮಾತಿಲ್ಲ.

ಅವನು ಪೂರ್ತಿ ಬದಲಾದನೇ? ಇಲ್ಲ. ಅದೇ ಪುಸ್ತಕದಲ್ಲಿ ತನ್ನ ಕೆಲಸದಾಳಿನ ಹೆಸರು ಬಿಟ್ಟು ಅವನನ್ನು ‘ಸೈತಾನ’ ಎಂದು ಕರೆದು ಪುಟಗಟ್ಟಲೆ ನಗಿಸುತ್ತಾನೆ. ಮೂವತ್ತು ವರ್ಷದಲ್ಲಿ ಒಬ್ಬ ಮಹಾ ಹಾಸ್ಯಗಾರನಿಗೆ ಸಾಧ್ಯವಾದದ್ದು ಅರ್ಧ ದಾರಿ. ಇದನ್ನು ಕಂಡಾಗ, ನನಗೂ ಅಷ್ಟೇ ಆದೀತೇನೋ ಎಂದು ಸ್ವಲ್ಪ ಸಮಾಧಾನವೂ ಆಯಿತು, ಸ್ವಲ್ಪ ನಾಚಿಕೆಯೂ ಆಯಿತು.

ಇನ್ನು ಖಾನಾವಳಿ. ಬಾದಾಮಿಯಲ್ಲಿ ನಮ್ಮ ಮನೆಯದೇ ಒಂದು ಸಣ್ಣ ಖಾನಾವಳಿ ಇತ್ತು. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಹೊರಗೆ ಅಪ್ಪ ಗಲ್ಲಾದ ಮೇಲೆ, ನಡುವೆ ಬಡಿಸಲು ಇಬ್ಬರು ಹುಡುಗರು. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ಚಳಿಗಾಲ, ಗುಹೆ ನೋಡಲು ಬಂದ ಇಬ್ಬರು ಗಡ್ಡದ ವಿದೇಶಿ ತರುಣರು ಊಟಕ್ಕೆ ಕುಳಿತರು. ರೊಟ್ಟಿ, ಎಣ್ಣೆಗಾಯಿ, ಮೊಸರು, ಶೇಂಗಾ ಚಟ್ನಿ, ಕೆಂಪು ಹಿಂಡಿ ಬಡಿಸಿದ್ದಾಯಿತು. ಅವರಲ್ಲೊಬ್ಬ, ಜೊತೆಗಾರನೊಡನೆ ಪಂಥ ಕಟ್ಟಿ, ಹಸಿ ಕೆಂಪು ಮೆಣಸಿನಕಾಯಿಯ ಆ ಹಿಂಡಿಯನ್ನು ಚಮಚದ ತುಂಬ ತೆಗೆದು ಬಾಯಿಗೆ ಹಾಕಿಕೊಂಡ. ಮುಂದಿನದನ್ನು ಅವ್ವ ಓಣಿಯ ಹೆಂಗಸರಿಗೆ ಹೇಳುತ್ತಿದ್ದ ಮಾತಿನಲ್ಲಿಯೇ ಹೇಳಬೇಕು: “ಮಾರಿ ಕೆಂಪಗ ಕುಂಬಾರನ ಆವಿಗಿ ಆತು. ನಾ ಮಜ್ಜಿಗಿ ಚರಗಿ ತಗೊಂಡು ಓಡಿದೆ. ಕುಡೀಯೋ ಯಪ್ಪಾ ಅಂದ್ರ ಒಲ್ಲೆ ಅಂತ ಕೈ ಮಾಡತಾನ, ಅದರಾಗ ಹಸೀ ನೀರು ಐತೆಂತ! ಬೆಂಕಿ ನುಂಗಿದಾಂವ ಮಜ್ಜಿಗಿಗೆ ಅಂಜಿದ ನೋಡವಾ.” ಮಜ್ಜಿಗೆಗೆ ಅಂಜಿದವನು ಓಡಿಹೋಗಿ ಅಗಸ್ತ್ಯ ತೀರ್ಥದ ಮೆಟ್ಟಿಲಿಳಿದು, ಹೆಂಗಸರು ಬಟ್ಟೆ ಒಗೆಯುತ್ತಿದ್ದ ನೀರಿನಲ್ಲಿಯೇ ಮುಖ ಅದ್ದಿ, ಬಾಯ್ತುಂಬ ಕುಡಿದ. ಎರಡು ದಿನ ಮಲಗಿದ. ಅವ್ವ ನುಚ್ಚಿನ ಗಂಜಿ ಮಾಡಿ ಕಳಿಸಿದಳು. ಚೇತರಿಸಿಕೊಂಡ ಮೇಲೆ ಇನ್ನೂ ನಾಲ್ಕು ದಿನ ಊಟಕ್ಕೆ ಬಂದ.

ಅವನ ಹೆಸರನ್ನು ಅವ್ವನೂ ಮುರಿದಳು, ಒಪ್ಪಿಕೊಳ್ಳುತ್ತೇನೆ. ಅರ್ಧ ನುಂಗಿ, ಉಳಿದರ್ಧಕ್ಕೆ ಒಂದು ‘ಅಪ್ಪ’ ಜೋಡಿಸಿ, ಅವನನ್ನು ಬಾದಾಮಿ ತಾಲೂಕಿನವನನ್ನಾಗಿ ಮಾಡಿಬಿಟ್ಟಿದ್ದಳು. ಆದರೆ ದಿನಾ ಮುಂಜಾನೆ ಅವನು ತಿದ್ದುತ್ತಿದ್ದ, ದಿನಾ ಅವಳು ಹೊಸದಾಗಿ ತಪ್ಪುತ್ತಿದ್ದಳು, ಇಬ್ಬರೂ ನಗುತ್ತಿದ್ದರು. ತಿದ್ದುವ ಅವಕಾಶ ಫರ್ಗ್ಯುಸನ್‌ಗೆ ಇರಲಿಲ್ಲ. ಆ ತರುಣನೂ ತನ್ನ ದೇಶದಲ್ಲಿ ಯಾವುದೋ ಊಟದ ಮೇಜಿನ ಮುಂದೆ ಈ ಕಥೆಯನ್ನು ಹೇಳಿರಬೇಕು. ಅದರಲ್ಲಿ ಮೆಣಸಿನಕಾಯಿ ಇರುತ್ತದೆ, ಕೆರೆ ಇರುತ್ತದೆ, ಬಹುಶಃ ಒಂದೆರಡು ಮಂಗಗಳೂ ಸೇರಿಕೊಂಡಿರುತ್ತವೆ. ಮಜ್ಜಿಗೆಯ ಚರಿಗೆ ಹಿಡಿದು ಓಡಿದ ಹೆಂಗಸು ಇರುತ್ತಾಳೋ ಇಲ್ಲವೋ. ಎರಡು ಕಥೆಗಳಲ್ಲಿ ಹೆಚ್ಚು ನಗೆಯದು ಅವ್ವನದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಅದರಲ್ಲಿ ಮಜ್ಜಿಗೆ ಇದೆ. ಮಜ್ಜಿಗೆ ಇಲ್ಲದಿದ್ದರೆ ಅದು ಬರಿಯ ಖಾರದ ಕಥೆ.

ಖಾನಾವಳಿಯ ಇನ್ನೊಂದು ಸಂಗತಿ ಹೇಳಬೇಕು, ಹೇಳಲು ಸ್ವಲ್ಪ ಕಷ್ಟ. ಉಂಡು ಬಿಲ್ಲು ಕೊಡದೆ ಜಾರಿಕೊಳ್ಳುವವರು ಎಲ್ಲ ಖಾನಾವಳಿಗಳಲ್ಲೂ ಇರುತ್ತಾರೆ. ಅದಕ್ಕೆ ನಮ್ಮ ಅಪ್ಪನದೊಂದು ಕಾಯ್ದೆ ಇತ್ತು: “ಉಂಡು ಓಡಿದವನ ರೊಕ್ಕ ಬಡಿಸಿದವನ ಪಗಾರದಾಗ.” ಅಪ್ಪ ಕೆಟ್ಟವನಲ್ಲ. ದಿನದ ಗಳಿಕೆಯೇ ಅಷ್ಟಿದ್ದಾಗ ಯಾರಾದರೊಬ್ಬರು ಆ ಹಣ ತುಂಬಲೇಬೇಕಿತ್ತು, ತುಂಬುವವನು ಎಲ್ಲರಿಗಿಂತ ಸಣ್ಣವನಾಗಿರುತ್ತಿದ್ದ. ಶನಿವಾರ ಪಗಾರ ಎಣಿಸುವಾಗ ಆ ಹುಡುಗರು ಮಾತನಾಡದೆ ನಿಲ್ಲುತ್ತಿದ್ದದ್ದನ್ನು ನಾನು ನೋಡುತ್ತಲೇ ಬೆಳೆದೆ. ಪೋಖರಾದ ಕಿಟಕಿಯಿಂದ ಜಿಗಿದವನಿಗೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಅಲ್ಲಿದ್ದವರೆಲ್ಲರಿಗಿಂತ ಅವನಿಗೇ ಹೆಚ್ಚು ಚೆನ್ನಾಗಿ ಗೊತ್ತಿತ್ತು.

ಇಂಥ ನಗೆಯಿಂದ ಹೊರಗಿನ ಜಗತ್ತಿನಲ್ಲಿ ಏನಾಯಿತೆಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ಲಾವೋಸಿನ ವಾಂಗ್ ವಿಯೆಂಗ್ ಎಂಬ ಪುಟ್ಟ ಊರು, ಕುಡಿದು ಟ್ಯೂಬಿನ ಮೇಲೆ ಹೊಳೆಯಲ್ಲಿ ತೇಲುವ ಉಡಾಳ ಪ್ರವಾಸಕ್ಕೇ ಹೆಸರಾಯಿತು. 2011ರ ಒಂದೇ ವರ್ಷದಲ್ಲಿ ಅಲ್ಲಿಯ ಆಸ್ಪತ್ರೆಯ ಲೆಕ್ಕಕ್ಕೆ 27 ಪ್ರವಾಸಿಗಳ ಸಾವು ಬಂದಿತು, ಮರುವರ್ಷ ಸರ್ಕಾರ ಹೊಳೆಯ ದಂಡೆಯ ಬಾರುಗಳನ್ನು ಮುಚ್ಚಿಸಿತು. ಅದೇ ಊರಿನಲ್ಲಿ 2024ರ ನವೆಂಬರಿನಲ್ಲಿ ಮೆಥನಾಲ್ ಬೆರೆತ ಮದ್ಯಕ್ಕೆ ಆರು ಪ್ರವಾಸಿಗಳು ಬಲಿಯಾದರು. ‘ಹೆಸರು ತಿಳಿಯದ ಸಾರಾಯಿ’ಯ ಅಧ್ಯಾಯವನ್ನು ಬದುಕಿ ಬಂದವನು ಮಾತ್ರ ಬರೆಯುತ್ತಾನೆ ಎಂಬುದು ನನ್ನ ಓದಿನ ದಿನಗಳಲ್ಲಿ ಹೊಳೆದೇ ಇರಲಿಲ್ಲ. ಹಂಪಿಯಲ್ಲಿ ನಾಲ್ವರು ತರುಣರು ಕಲ್ಲಿನ ಕಂಬವನ್ನು ದೂಡಿ ಬೀಳಿಸುವ ವಿಡಿಯೋ 2019ರಲ್ಲಿ ಎಲ್ಲರ ಮೊಬೈಲುಗಳಲ್ಲೂ ಓಡಾಡಿದ್ದು ನಿಮಗೆ ನೆನಪಿರಬಹುದು. ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿತು, ಕಂಬವನ್ನು ಅವರ ಕೈಯಿಂದಲೇ ಮತ್ತೆ ನಿಲ್ಲಿಸಲಾಯಿತು. ಬೀಳಿಸುವಾಗಿನ ನಗು ಎಷ್ಟು ಸಲೀಸು, ನಿಲ್ಲಿಸುವಾಗಿನ ಭಾರ ಎಷ್ಟು ಎಂಬುದನ್ನು ಅಷ್ಟು ಸರಿಯಾಗಿ ಕಲಿಸಿದ ಶಿಕ್ಷೆ ಮತ್ತೊಂದು ನನಗೆ ಗೊತ್ತಿಲ್ಲ. ಮಳೆಗಾಲದಲ್ಲಿ ಗೋಕಾಕ ಜಲಪಾತಕ್ಕೆ ಹೋಗಿ ನೋಡಿ. ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುವ ಅಂಚಿನ ಪಾಚಿಗಟ್ಟಿದ ಬಂಡೆಯ ಮೇಲೆ ನಿಂತು ರೀಲ್ಸ್ ಮಾಡುವ ಹುಡುಗರಿಗೆ, ಜಾರಿದವರನ್ನು ತರಲು ಸೊಂಟಕ್ಕೆ ಹಗ್ಗ ಬಿಗಿದು ಇಳಿಯುವವರ ಮುಖ ಎಂದೂ ಕಂಡಿರುವುದಿಲ್ಲ.

ನನ್ನ ತಂಗಿ ಇದನ್ನೆಲ್ಲ ಬಹಳ ಹಿಂದೆಯೇ ಕಂಡಿದ್ದಳು. ನಾನು ಬಿದ್ದು ಬಿದ್ದು ನಗುತ್ತಿದ್ದ ಪುಸ್ತಕವೊಂದನ್ನು ನಾಲ್ಕು ಪುಟ ಓದಿ, “ಇದನ್ನ ಹೆಣ್ಣಮಗಳು ಮಾಡಿ ಬರದಿದ್ರ ನೀ ಹಿಂಗ ನಗತಿದ್ದೇನಣ್ಣಾ?” ಎಂದು ಕೇಳಿ ಮೇಜಿನ ಮೇಲಿಟ್ಟು ಹೋದಳು. ಇನ್ನೊಂದು ಭೇದವೂ ಇದೆ: ಗೋವಾದ ದಂಡೆಯಲ್ಲಿ ಮಲಗಿದ ವಿದೇಶಿ ಉಡಾಳರದು ಒಂದು ಅಧ್ಯಾಯವಾಗುತ್ತದೆ. ಬಾಗಲಕೋಟೆಯ ಹುಡುಗ ಅವರೂರಿನ ಉದ್ಯಾನದ ಬೆಂಚಿನ ಮೇಲೆ ಮಲಗಿದರೆ ಪೊಲೀಸರ ಕೇಸಾಗುತ್ತದೆ.

ಹಾಗಾದರೆ ಪ್ರವಾಸದಲ್ಲಿ ನಗಲೇಬಾರದೇ ಎಂದು ಈ ಹಿಂದೆ ಒಂದೆರಡು ಕಡೆ ನನ್ನನ್ನು ಕೇಳಿದ್ದಾರೆ. ನಗಬೇಕು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಎಪ್ಪತ್ತು ದಾಟಿದ ಮೇಲೆ ಅಮೆರಿಕೆಗೆ ಹೋಗಿಬಂದು ಬರೆದ ಕಥನಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಹಳ್ಳಿಯ ಚಿತ್ರಗಳಿಂದ ಹೆಸರಾದ ಅವರ ಬರಹಗಳಲ್ಲಿ ನಗೆಗೆ ಸಿಕ್ಕವರೂ ತಿರುಗಿ ಮಾತನಾಡುತ್ತಾರೆ, ಎಷ್ಟೋ ಸಲ ಕೊನೆಯ ಮಾತು ಅವರದೇ. ಎದುರಿನವನ ಬಾಯಿಗೆ ಒಂದು ಮಾತು ಕೊಟ್ಟು ನೋಡಿ, ಜೋಕು ಎಲ್ಲಿಗೆ ಹೊರಳುತ್ತದೆ ಎಂದು ಹೇಳಲಾಗುವುದಿಲ್ಲ. ಉಡಾಳ ಲೇಖಕ ತನ್ನನ್ನು ದಡ್ಡನೆಂದು ಎಷ್ಟೇ ಕರೆದುಕೊಂಡರೂ ಈ ಒಂದು ಧೈರ್ಯವನ್ನು ಮಾಡುವುದಿಲ್ಲ. ದಡ್ಡತನವನ್ನೂ ತಾನೇ ಹೇಳಿಕೊಳ್ಳುತ್ತಾನೆ, ಬೇರೆಯವರಿಗೆ ಹೇಳಗೊಡುವುದಿಲ್ಲ.

ಕೊನೆಗೆ ಆ ಎಮ್ಮೆ. ಕೆಲವು ವರ್ಷಗಳ ಹಿಂದೆ ಬಾದಾಮಿಯ ಮನೆಗೆ ಸುಣ್ಣ ಹಚ್ಚುವಾಗ ಅಟ್ಟದಿಂದ 1994ರ ನನ್ನ ವಹಿ ಸಿಕ್ಕಿತು. ಖರ್ಚಿನ ಲೆಕ್ಕದ ನಡುವೆ ಒಂದೊಂದು ಸಾಲು ಟಿಪ್ಪಣಿ ಬರೆಯುವ ರೂಢಿ ಇತ್ತು. ಪೋಖರಾದ ಪುಟದಲ್ಲಿ ಲಾಡ್ಜಿನ ಬಾಡಿಗೆ ದಿನಕ್ಕೆ ನೇಪಾಳಿ 40ರಂತೆ 120, ನಮ್ಮ ರೂಪಾಯಿಯಲ್ಲಿ 75 ಎಂದು ಬರೆದು, ಅದರ ಮೇಲೆ ಗೀಟು ಹೊಡೆದು, ಪಕ್ಕದಲ್ಲಿ ದೊಡ್ಡದಾಗಿ ಸೊನ್ನೆ ಹಾಕಿ, ಸೊನ್ನೆಯ ಕೆಳಗೆ ಎರಡು ಸಲ ಅಡಿಗೆರೆ ಎಳೆದಿದ್ದೆ. ಅದರ ಕೆಳಗಿನ ಟಿಪ್ಪಣಿ ಇಷ್ಟು: “ಜಿಗಿದೆವು. ಕೆಳಗೆ ಲಾಡ್ಜಿನ ಹುಡುಗ ನಿಂತಿದ್ದ. ದಾಯಿ, ಚಿಯಾ? ಅಂದ. ಓಡಿದೆವು.” ‘ದಾಯಿ’ ಎಂದರೆ ಅಣ್ಣ, ‘ಚಿಯಾ’ ಎಂದರೆ ಚಹಾ. ವಹಿಯಲ್ಲಿ ಎಮ್ಮೆ ಎಲ್ಲಿಯೂ ಇಲ್ಲ, ಸಗಣಿಯೂ ಇಲ್ಲ. ಯಾವ ಮದುವೆಮನೆಯಲ್ಲಿ, ಎಷ್ಟನೆಯ ಸಲ ಹೇಳುವಾಗ ಆ ಹುಡುಗನನ್ನು ತೆಗೆದು ಅವನ ಜಾಗದಲ್ಲಿ ಎಮ್ಮೆ ಕಟ್ಟಿದೆನೋ ನನಗೇ ತಿಳಿಯದು. ಅವನಿಗೆ ಹನ್ನೆರಡು ವರ್ಷ ಇದ್ದಿರಬೇಕು. ಹಾಸಿಗೆ ತೊಳೆದವನೂ ಅವನೇ ಇರಬೇಕು.

ಕಳೆದ ತಿಂಗಳು ತಂಗಿಯ ಮಗಳು ಬಾಗಲಕೋಟೆಯಿಂದ ಬಂದಿದ್ದಾಗ, “ಮಾಮಾ, ಆ ಎಮ್ಮೀ ಕಥಿ ಹೇಳ್ರಿ” ಎಂದಳು. ಈ ಸಲ ವಹಿಯಲ್ಲಿ ಇದ್ದ ಹಾಗೆಯೇ ಹೇಳಿದೆ. ಕಿಟಕಿಯಿಂದ ಇಬ್ಬರು ದೊಡ್ಡ ಗಂಡಸರು ಚೀಲ ಸಮೇತ ಕೆಳಗೆ ಬಿದ್ದದ್ದು, ಅವರನ್ನು ನೋಡಿ ಬೆರಗೂ ಪಡದೆ ಹುಡುಗ ‘ಚಹಾ ತರಲೇ’ ಎಂದು ಕೇಳಿದ್ದು. ಅವಳು ಅಲ್ಲಿ ಜೋರಾಗಿ ನಕ್ಕಳು, ನಕ್ಕದ್ದು ನಮ್ಮಿಬ್ಬರನ್ನು ನೋಡಿ. ಆಮೇಲೆ ಕಣ್ಣು ಒರೆಸಿಕೊಳ್ಳುತ್ತ ಕೇಳಿದಳು: “ಹಿಂದಿನ ಚಹಾದ ರೊಕ್ಕರೆ ಕೊಟ್ಟಿದ್ರೋ ಇಲ್ಲೋ?”

ವಹಿ ತೆಗೆದು ನೋಡಿದೆವು. ಮೂರು ದಿನಕ್ಕೆ ಹನ್ನೆರಡು ಚಹಾ, ಬಾಕಿ ಎಂದಿತ್ತು.